ದಂತವೈದ್ಯರ ಮೂಳೆಯ ಹಿಡಿ

ಚಾಕುವಿನ ಹಿಡಿ ಸೀಳಿದೆ, ಒಂದು ದಾರ ಸುತ್ತಿಕೊಡಿ ಎಂದಷ್ಟೇ ಹೆಂಡತಿ ಕೇಳಿದ್ದು. ನಿವೃತ್ತ ದಂತವೈದ್ಯರಿಗೆ ಅಷ್ಟು ಸಾಕಾಯಿತು. ಮೊಳೆ ಕಿತ್ತರು, ಮರದ ಹಿಡಿಯನ್ನು ಮೂಲೆಗೆಸೆದರು, ಕಪಾಟಿನಿಂದ ಬೂದುಬಣ್ಣದ ಮೂಳೆಯೊಂದನ್ನು ತಂದು ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ಯಾವ ಕಾಲದಲ್ಲೋ ಸತ್ತ ಯಾವುದೋ ದೈತ್ಯಪ್ರಾಣಿಯ ಪಳೆಯುಳಿಕೆ. ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಕಲ್ಲುಗಣಿಯವನೊಬ್ಬ ಖುಷಿಯಲ್ಲಿ ಕೊಟ್ಟುಹೋಗಿದ್ದ.

"ಇದರ ಹಿಡಿ ಹಾಕ್ತೀನಿ."

"ಮುಟ್ಟಿದರೆ ಉದುರುತ್ತಲ್ಲ ಅದು."

"ಅದಕ್ಕೇ ಗಟ್ಟಿ ಮಾಡೋದು."

ಗಟ್ಟಿ ಮಾಡುವ ವಿಧಾನದ ಬಗ್ಗೆ ಪ್ರತಿ ಊಟಕ್ಕೂ ಉಪನ್ಯಾಸ ನಡೆಯಿತು. ಮೂಳೆಯ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಅದನ್ನು ರೆಸಿನ್ ಎಂಬ ನೀರಿನಂಥ ಅಂಟಿನಲ್ಲಿ ಮುಳುಗಿಸಿ, ಮುಚ್ಚಿದ ಜಾಡಿಯಿಂದ ಪಂಪು ಹಾಕಿ ಗಾಳಿ ಎಳೆಯಬೇಕು. ಗುಳ್ಳೆ ನಿಂತ ಮೇಲೆ ಗಾಳಿ ಬಿಟ್ಟರೆ ರೆಸಿನ್ ತೂತುಗಳಿಗೆ ನುಗ್ಗುತ್ತದೆ. ಆಮೇಲೆ ಓವನ್ನಿನಲ್ಲಿ ಹದವಾಗಿ ಬೇಯಿಸಿದರೆ ಕಲ್ಲು. ಆದರೆ ಒಳಗೆ ಹನಿ ತೇವವಿದ್ದರೂ ಕೆಟ್ಟಿತು, ಒಣಗಿಸುವುದೇ ಮುಖ್ಯ. (ಹೆಂಡತಿ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು. ಕೇಳಿಸಿಕೊಳ್ಳುತ್ತಿಲ್ಲವೆಂದೇ ವೈದ್ಯರು ತಿಳಿದರು.)

ವಾರಗಳು ಕಳೆದವು. ಹಿಡಿಯಿಲ್ಲದ ಚಾಕು ಕಾಗದ ಹೊದ್ದು ಮಲಗಿತು, ಹೆಂಡತಿ ಬ್ರೆಡ್ಡಿನ ಚಾಕುವಿನಿಂದ ಕುಂಬಳಕಾಯಿಯ ಜೊತೆ ಯುದ್ಧ ಮಾಡಿದಳು. ಕೊನೆಗೊಂದು ದಿನ ಆಕೆಯ ತೀರ್ಪು ಹೊರಬಿತ್ತು: ಭಾನುವಾರ ತನ್ನ ತಮ್ಮ ಊಟಕ್ಕೆ ಬರುತ್ತಾನೆ. ಅಷ್ಟರಲ್ಲಿ ಹಿಡಿ ಆಗದಿದ್ದರೆ ಚಾಕು ಅವನ ಕೈಗೆ, ಪ್ಲಾಸ್ಟಿಕ್ ಹಿಡಿ ಹಾಕಿಸಿ ತರುತ್ತಾನೆ.

ವೈದ್ಯರು ಅಂದೇ ಜಾಡಿ, ಪಂಪು ಹೊರತೆಗೆದರು. ನೋಯುವ ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತ ಭಾವನ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಬಾಯಿ ತೆಗೆದು ತೋರಿಸಿ ಹೇಳುವ ಮನುಷ್ಯ ಈ ಭಾವಮೈದ. ಪ್ಲಾಸ್ಟಿಕ್ ಹಿಡಿಯ ಕಥೆಯೂ ಸೇರಿಕೊಂಡರೆ ತಲೆಯೆತ್ತಿ ನಡೆಯುವ ಹಾಗಿಲ್ಲ.

ಮೂಳೆ ಚೆನ್ನಾಗಿ ಒಣಗಿಯೇ ಇತ್ತು. ಹಾಗೇ ಜಾಡಿಗಿಳಿಸಿದ್ದರೆ ಮುಗಿದಿತ್ತು. ಆದರೆ ಕೈಗೆ ಜೀವಮಾನದ ಅಭ್ಯಾಸ. ತೂತು ತುಂಬುವ ಮೊದಲು ವೈದ್ಯರು ಅದನ್ನು ನೀರು ಚಿಮ್ಮಿಸಿ ತೊಳೆದರು, ಬ್ರಷ್ಷಿನಲ್ಲಿ ಉಜ್ಜಿದರು, ಹತ್ತಿಯಲ್ಲಿ ಒರೆಸಿ ಉಫ್ ಎಂದು ಗಾಳಿ ಊದಿದರು. ಹಲ್ಲಿಗೆ ಅಷ್ಟು ಸಾಕು. ಮೂಳೆ ಹೊಟ್ಟೆತುಂಬ ನೀರು ಕುಡಿದು ಸುಮ್ಮನೆ ಕೂತಿತ್ತು. "ನೋವಾಗಲ್ಲ" ಎಂದು ಅದಕ್ಕೂ ಹೇಳಿ (ಇದೂ ರೋಗಿಗಳಿಗೆ ಹೇಳಿ ಹೇಳಿ ಬಂದ ಅಭ್ಯಾಸವೇ, ನಿಜವಾದದ್ದು ಕಡಿಮೆ) ಪಂಪು ಹಾಕಿದರು, ಓವನ್ನಿನಲ್ಲಿ ಬೇಯಿಸಿದರು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಕೂತು ನುಣುಪು ಮಾಡಲು ಉಪ್ಪುಕಾಗದ ತಗಲಿಸಿದೊಡನೆ ಮೂಳೆ ನಡುವೆ ಬಾಯಿಬಿಟ್ಟಿತು. ಒಳಗೆಲ್ಲ ಅಂಟು, ಮಿಕ್ಕಿದ್ದು ಹುಡಿ. ಕರವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿಗಿಳಿಸಿ ಒಳಗೆ ಬಂದರೆ, ಭಾವಮೈದ ಆಗಲೇ ಅಡುಗೆಮನೆಯಲ್ಲಿ ಚಾಕು ಹಿಡಿದು ನಿಂತಿದ್ದ. ಚಾಕುವಿಗೆ ಹಿಡಿ ಇತ್ತು. ಕಲ್ಲಿನಂತೆ ನುಣುಪು, ಸೀಳಿದ ಗೆರೆಯಲ್ಲಿ ಗಾಜಿನ ಮಿಂಚು. ವೈದ್ಯರು ಮೂಲೆಗೆಸೆದ ಅದೇ ಮರ. ಅದನ್ನು ಹೆಂಡತಿ ಅಷ್ಟೂ ವಾರ ಒಲೆಯ ಮೇಲಿನ ಹಲಗೆಯಲ್ಲಿ ಒಣಗಿಸಿದ್ದಳು. ಗಂಡ ಮಧ್ಯಾಹ್ನ ಗೊರಕೆ ಹೊಡೆಯುವಾಗ, ಜಾಡಿಯಲ್ಲಿ ಉಳಿದ ರೆಸಿನ್ನಿಗೆ ಹಾಕಿ, ಪಂಪಿನ ಗುಂಡಿ ಒತ್ತಿ, ಉಪನ್ಯಾಸದ ಪ್ರಕಾರ ಬೇಯಿಸಿ ತೆಗೆದು ಚಾಕುವಿಗೆ ಕೂರಿಸಿದ್ದಳು.

"ಒಪ್ಪಿದೆ ಭಾವ," ಎಂದ ಭಾವಮೈದ. "ಮೂಳೆಯಲ್ಲಿ ಮಾಡ್ತಿದ್ದೀರಿ ಅಂತ ಅಕ್ಕ ಹೇಳಿದ್ದಳು. ಮೂಳೆ ಅಂತ ಯಾರೂ ಹೇಳಲ್ಲ, ಮರದ ಹಾಗೇ ಇದೆ. ಹೇಗೆ ಮಾಡಿದಿರಿ?"

ಮಾನ ಉಳಿಸುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ವೈದ್ಯರು ಹೆಂಡತಿಯ ಮುಖ ನೋಡಿದರು. ಆಕೆ ಕುರ್ಚಿಯೊಂದನ್ನು ಎಳೆದು ಅವರ ಹಿಂದಿಟ್ಟಳು.

"ಕೂತ್ಕೊಳ್ಳಿ. ಬಾಯಿ ತೆಗೀರಿ, ನಿಜ ಹೊರಗೆ ಬರಲಿ. ನೋವಾಗಲ್ಲ."