ಕುತ್ತಿಗೆಯವರೆಗೆ ಬಂದ ಸ್ವೆಟರ್

ನಮ್ಮಕ್ಕ ಹುಟ್ಟಿದಾಗಿನಿಂದ ಈ ಇಪ್ಪತ್ತಾರು ವರ್ಷಗಳಲ್ಲಿ ಒಂದೇ ಒಂದು ಸಲ ಸುಮ್ಮನೆ ಕೂತಿದ್ದಾಳೆ. ನಂಬುವುದಿಲ್ಲವೇ? ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯವರನ್ನು ಕೇಳಿ. ಊಟಕ್ಕೆ ಕೂತರೆ ಕಾಲು ಕುಣಿಯುತ್ತಿರುತ್ತದೆ. ಟಿವಿ ನೋಡುವಾಗ ದಿಂಬಿನ ಅಂಚಿನ ದಾರ ಕೀಳುತ್ತಿರುತ್ತಾಳೆ. ಹಾಲು ಉಕ್ಕುವ ತನಕ ಕಾಯಲಾರದೆ ಉರಿ ಜಾಸ್ತಿ ಮಾಡಿ ಒಲೆಯ ಮೇಲೆಲ್ಲ ಉಕ್ಕಿಸಿಬಿಡುತ್ತಾಳೆ. ಇಂಥವಳು ಕಳೆದ ಚಳಿಗಾಲ ಅಟ್ಟದಿಂದ ಹೆಣಿಗೆ ಕಡ್ಡಿಗಳನ್ನು ಇಳಿಸಿಕೊಂಡಳು!

ಆರನೇ ಕ್ಲಾಸಿನಲ್ಲಿ ಕ್ರಾಫ್ಟ್ ಮೇಡಂ ಕಲಿಸಿದ್ದ ವಿದ್ಯೆ ಅದು. ಆಗ ಹೆಣೆದ ಮಫ್ಲರು ಒಂದು ತುದಿಯಲ್ಲಿ ನಾಲ್ಕು ಬೆರಳಗಲ, ಇನ್ನೊಂದು ತುದಿಯಲ್ಲಿ ಒಂದು ಮೊಳ. ಅಮ್ಮ ಅದನ್ನು ಬಿಸಿ ಪಾತ್ರೆ ಇಳಿಸುವುದಕ್ಕೆ ಬಳಸಿ ಸವೆಸಿದಳು. ಅಲ್ಲಿಗೆ ಆ ವಿದ್ಯೆ ಮುಗಿಯಿತೆಂದು ನಾವೆಲ್ಲ ನಿಶ್ಚಿಂತರಾಗಿದ್ದೆವು.

ನನಗೆ ಸಿಟ್ಟು ಬಂದದ್ದು ಅವಳು ಆರಿಸಿಕೊಂಡ ಸಮಯ ನೋಡಿ. ಅಪ್ಪನಿಗೆ ಲಕ್ವ ಹೊಡೆದು ಆಗ ಎರಡು ತಿಂಗಳು. ಮೂವತ್ತು ವರ್ಷ ಬಿಸಿನೀರಿನಲ್ಲಿ ಬೆರಳಾಡಿಸಿ, ಗೂಡಿನಿಂದ ರೇಷ್ಮೆ ನೂಲು ಬಿಚ್ಚಿದವರು ಅವರು. ಈಗ ಬಲಗೈ ತೊಡೆಯ ಮೇಲೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಬೆರಳಿಗೆ ಕೆಲಸ ಕೊಡದಿದ್ದರೆ ಕೈ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹಿಸುಕಲಿಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟರು. ಅಪ್ಪ ಎಡಗೈಯಲ್ಲಿ ಅದನ್ನೆತ್ತಿ ಕಿಟಕಿಯಿಂದಾಚೆ ಎಸೆದರು. ಚೆಂಡಾಡುವ ವಯಸ್ಸೇ ನನ್ನದು ಎಂಬಂತಿತ್ತು ಅವರ ಮುಖ. ಆಮೇಲೆ ತಂದ ಮೂರು ಚೆಂಡುಗಳೂ ಅದೇ ದಾರಿ ಹಿಡಿದವು. ಪಕ್ಕದ ಮನೆಯ ನಾಯಿ ಮಾತ್ರ ಬಹಳ ಸುಖವಾಗಿತ್ತು.

ಮೊದಲ ವಾರವೇ ಅಕ್ಕನ ಉಲ್ಲನ್ ಉಂಡೆ ಗೋಜಲಾಗಿ ತುದಿ ಕಳೆದುಹೋಯಿತು. ತಿಂಗಳುಗಟ್ಟಲೆ ಮಾತೇ ಆಡದಿದ್ದ ಅಪ್ಪ ಮಂಚದಿಂದ ತಡವರಿಸುತ್ತ ಹೇಳಿದರು.

"ಬಿಸಿನೀರಿಗೆ ಹಾಕಮ್ಮಾ. ತುದಿ ತಾನೇ ಬರ್ತದೆ."

ರೇಷ್ಮೆ ಗೂಡಿಗೆ ಸರಿ, ಉಲ್ಲನ್ನಿಗೆ? ಆದರೆ ಗಂಡ ಬಾಯಿಬಿಟ್ಟ ಸಂತೋಷದಲ್ಲಿ ಅಮ್ಮ ಯೋಚಿಸುತ್ತಾಳೆಯೇ? ಕುದಿಯುವ ನೀರಿಗೆ ಹಾಕಿಯೇಬಿಟ್ಟಳು. ತುದಿ ಬರಲಿಲ್ಲ, ಬಣ್ಣ ಬಂತು. ಸಾರಿನ ಪಾತ್ರೆ ಇವತ್ತಿಗೂ ನೀಲಿಯಾಗಿದೆ. ಆ ಒದ್ದೆ ಉಂಡೆಯನ್ನು ಅಪ್ಪನೇ ಎಡಗೈಯಲ್ಲಿ ಕೆದಕಿ ಕೆದಕಿ ತುದಿ ಹುಡುಕಿಕೊಟ್ಟರು. ನಾನು ಪಾತ್ರೆಯನ್ನು ನೋಡುತ್ತಿದ್ದೆ. ಅಕ್ಕ ಅಪ್ಪನನ್ನು ನೋಡುತ್ತಿದ್ದಳು.

ಅವಳ ಆಫೀಸು ಚಿಕ್ಕಬಳ್ಳಾಪುರದಲ್ಲಿ. ದಿನಾ ಬಸ್ಸಿನಲ್ಲೂ ಹೆಣಿಗೆ. ಒಮ್ಮೆ ಉಂಡೆ ಮಡಿಲಿನಿಂದ ಜಾರಿ, ಸೀಟುಗಳಡಿ ಉರುಳಿ ಡ್ರೈವರ್ ಹತ್ತಿರ ಹೋಗಿ ನಿಂತಿತಂತೆ. ಅರ್ಧ ಬಸ್ಸು ಕಾಲೆತ್ತಿ ಕೂತಿತು. ಕಂಡಕ್ಟರು ದಾರ ಸುತ್ತುತ್ತ ಸುತ್ತುತ್ತ ಹಿಂದಿನ ಸೀಟಿಗೆ ಬಂದು, ಇದಕ್ಕೂ ಟಿಕೆಟ್ ತಗೊಳ್ತೀರಾ ಎಂದು ಕೇಳಿದರಂತೆ.

ಇನ್ನೊಮ್ಮೆ ಚಿಂತಾಮಣಿಯಿಂದ ಹೆಣ್ಣು ನೋಡಲು ಬಂದರು. ಅಕ್ಕ ಕಾಫಿ ಕೊಟ್ಟು, ಹುಡುಗನನ್ನು ಎದ್ದು ನಿಲ್ಲಿಸಿ, ದಾರ ಹಿಡಿದು ಭುಜದ ಅಳತೆ ತೆಗೆದೇಬಿಟ್ಟಳು! ಹುಡುಗನ ತಾಯಿಗೆ ಕಣ್ಣು ತುಂಬಿ ಬಂತು, ಸಂಬಂಧ ಕುದುರಿತೆಂದು.

"ಅಳತೆಗೆ ಒಬ್ರು ಬೇಕಾಗಿತ್ತು ಆಂಟಿ. ನಮ್ ತಮ್ಮ ವಾರಕ್ಕೊಂದ್ ಸಲ ಬರ್ತಾನೆ" ಎಂದಳು ನಮ್ಮ ಮಹಾತಾಯಿ. ಹುಡುಗ ಈಗಲೂ ಫೋನ್ ಮಾಡಿ ಸ್ವೆಟರ್ ಆಯಿತೇ ಎಂದು ಕೇಳುತ್ತಾನಂತೆ.

ಆ ತಮ್ಮ ನಾನೇ. ಗೌರಿಬಿದನೂರಿನಲ್ಲಿ ಮೇಷ್ಟ್ರು, ಭಾನುವಾರ ಊರಿಗೆ ಬರುವವನು. ಸ್ವೆಟರೂ ನನಗೇ. ಒಂದು ಭಾನುವಾರ ಬಂದರೆ ಅದು ಕುತ್ತಿಗೆಯವರೆಗೆ ಬಂದಿರುತ್ತದೆ. ಮುಂದಿನ ಭಾನುವಾರ ನೋಡಿದರೆ ಸೊಂಟದ ಪಟ್ಟಿ ಎರಡು ಬೆರಳು! ಕೇಳಿದರೆ, ಅಳತೆ ತಪ್ಪಿತು, ಬಿಚ್ಚಿದೆ ಎನ್ನುತ್ತಾಳೆ. ಹೀಗೆ ಎಷ್ಟು ಸಲವೋ. ಕೊನೆಗೆ ನನಗೆ ತಡೆಯಲಾಗಲಿಲ್ಲ. ಅಪ್ಪನ ಕೈ ಬಗ್ಗೆ ಚಿಂತೆ ಮಾಡುವುದು ಬಿಟ್ಟು ಇದೇನು ಹುಚ್ಚು ನಿನಗೆ ಎಂದು ಕೂಗಾಡಿದೆ. ಅವಳು ಕಾಲು ಕುಣಿಸುತ್ತ ಹೆಣೆಯುತ್ತಲೇ ಇದ್ದಳು.

ಮುಂದಿನ ವಾರ ಎರಡನೇ ಶನಿವಾರ. ಅಕ್ಕನಿಗೂ ರಜೆ. ಜಗಳವಾಡಿದ್ದು ಮನಸ್ಸಿಗೆ ಚುಚ್ಚುತ್ತಿತ್ತು, ಅದಕ್ಕೇ ಒಂದು ದಿನ ಮುಂಚೆಯೇ ಬಂದೆ. ಬಾಗಿಲು ತೆರೆದಿತ್ತು. ಕಿಟಕಿಯ ಹತ್ತಿರ ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ನನ್ನ ಸ್ವೆಟರು. ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ನೀಲಿ ಎಳೆ. ಮೆಲ್ಲಗೆ ಎಳೆಯುತ್ತಿದ್ದರು, ಹೆಣಿಗೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತಿತ್ತು. ಎದುರಿಗೆ ನೆಲದ ಮೇಲೆ ಅಕ್ಕ ಉಂಡೆ ಸುತ್ತುತ್ತಿದ್ದಳು.

ನಾನು ಬಾಗಿಲಲ್ಲೇ ನಿಂತೆ. ಅಕ್ಕ ಎದ್ದು ಬಂದು ಪಿಸುಗುಟ್ಟಿದಳು.

"ಚೆಂಡು ಕೊಟ್ರೆ ಎಸೀತಾರೆ ಕಣೋ. ತಪ್ಪಾಗೋಯ್ತು, ಬಿಚ್ಕೊಡಪ್ಪಾ ಅಂದ್ರೆ ಪೂರ್ತಿ ಬಿಚ್ಚೋವರ್ಗೂ ಬಿಡಲ್ಲ."

ಅಷ್ಟರಲ್ಲಿ ದಾರ ಪಟ್ಟನೆ ಹರಿಯಿತು. ಅಕ್ಕ ಓಡಿಹೋಗಿ ಕೈ ಚಾಚಿದಳು. ಅಪ್ಪ, "ಇರಮ್ಮಾ" ಎಂದರು. ಎರಡೂ ತುದಿ ಹಿಡಿದರು. ಬಲಗೈಯಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಮೂರನೇ ಸಲ ಹೆಬ್ಬೆರಳು ಬಾಗಿತು, ತೋರುಬೆರಳು ಸುತ್ತಿತು, ಗಂಟು ಬಿತ್ತು. ಹರಿದ ರೇಷ್ಮೆಗೆ ಮೂವತ್ತು ವರ್ಷ ಹಾಕಿದ ಅದೇ ಗಂಟು, ಸಾಸಿವೆಯಷ್ಟು.

ಅಕ್ಕ ಅಲ್ಲೇ ನೆಲದ ಮೇಲೆ ಕೂತಳು. ಕಾಲು ಕುಣಿಯಲಿಲ್ಲ, ಕೈ ಆಡಲಿಲ್ಲ. ಅಪ್ಪನ ಬೆರಳನ್ನೇ ನೋಡುತ್ತ, ಕೆನ್ನೆಯ ಮೇಲಿನ ನೀರನ್ನೂ ಒರೆಸಿಕೊಳ್ಳದೆ, ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ಆ ಒಂದು ಸಲ ಎಂದೆನಲ್ಲ, ಅದು ಇದೇ.

ಸ್ವೆಟರ್ ಈಗ ನನ್ನ ಮೈಮೇಲಿದೆ. ಗಂಟನ್ನು ಒಳಗೆ ಮರೆಸಬೇಕಂತೆ, ಅಕ್ಕ ಎದೆಯ ಮೇಲೆ ಕಾಣುವ ಹಾಗೇ ಬಿಟ್ಟಿದ್ದಾಳೆ. ಹಾಕಿಕೊಂಡು ಹೋದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಯಾರೋ ಕತ್ತರಿ ಹಿಡಿದು ಬಂದರು. ಮುಟ್ಟಬೇಡಿ, ಅದು ನಮ್ಮಪ್ಪ ಹಾಕಿದ್ದು ಎಂದೆ. ಬಿಸಿಲು ಏರಿ ಬೆವರು ಇಳಿಯುತ್ತಿತ್ತು, ಆದರೂ ಸಂಜೆಯವರೆಗೆ ಸ್ವೆಟರ್ ತೆಗೆಯಲಿಲ್ಲ.