ಆಧಾರವಿಲ್ಲದ ಮಾವನವರು

ತಂಬಾಕು, ಇಸ್ಪೀಟು, ಕೋರ್ಟು, ಈ ಮೂರು ಚಟಗಳಲ್ಲಿ ಒಂದೂ ಇಲ್ಲದ ಗಂಡಸನ್ನು ನಮ್ಮ ಕಡೆ ಸಭ್ಯನೆಂದು ಕರೆದು ಹೆಣ್ಣು ಕೊಡುತ್ತಾರೆ. ನನಗೂ ಹಾಗೆಯೇ ಕೊಟ್ಟರು. ನಾಲ್ಕನೆಯ ಚಟವೊಂದು ಉಂಟೆಂಬುದು ನಮ್ಮ ಮಾವನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಬ್ಬ ಒಳ್ಳೆಯ ಇಸ್ಪೀಟುಗಾರನನ್ನೇ ಹುಡುಕಿ ಮಗಳನ್ನು ಕೊಡುತ್ತಿದ್ದರು. ಆ ನಾಲ್ಕನೆಯದು ವಿದ್ವತ್ಪತ್ರಿಕೆಗೆ ಲೇಖನ ಕಳಿಸುವ ಚಟ. ಇಸ್ಪೀಟಿನಲ್ಲಿ ಸೋತವನಿಗೆ ಸೋತದ್ದು ಅಂದೇ ಗೊತ್ತಾಗುತ್ತದೆ. ಇದರಲ್ಲಿ ಗೊತ್ತಾಗುವುದಕ್ಕೆ ಒಂದು ಮಳೆಗಾಲ, ಒಂದು ಸುಗ್ಗಿ ಕಳೆಯಬೇಕು. ಅಷ್ಟರಲ್ಲಿ ತಾನು ಆಡಲು ಕುಳಿತದ್ದೇ ಮರೆತುಹೋಗಿರುತ್ತದೆ.

ಆಗ ನಾನು ಹಿರೇಕೆರೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿ, ಸಾರ್ವಭೌಮತ್ವ ಎಲ್ಲಿರುತ್ತದೆ ಎಂಬುದರ ಬಗ್ಗೆ ಹಾಳೆಗಟ್ಟಲೆ ಬರೆದು ಪಾಸಾದವನು, ಊರಿಗೆ ಬಂದು ಹುಡುಗರಿಗೆ ನದಿಗಳ ಹೆಸರು ಬಾಯಿಪಾಠ ಮಾಡಿಸುತ್ತಿದ್ದೆ. ಧಾರವಾಡದ ಒಂದು ಕಾಲೇಜಿನಲ್ಲಿ ನನ್ನ ವಿಷಯಕ್ಕೆ ಅಧ್ಯಾಪಕರ ಜಾಗವೊಂದು ಖಾಲಿ ಬೀಳುವುದರಲ್ಲಿತ್ತು. ಹೋಗಿ ಪ್ರಿನ್ಸಿಪಾಲರನ್ನು ಕಂಡೆ. ಅವರು ನನ್ನ ಪೇಟ, ಕೋಟು, ಚಪ್ಪಲಿ ಎಲ್ಲವನ್ನೂ ನೋಡಿ, "ಅಚ್ಚಾದ ಲೇಖನ ಒಂದರ ತೊಗೊಂಡು ಬರ್ರಿ, ಆಮ್ಯಾಲೆ ಮಾತಾಡೋಣು" ಎಂದರು. ಅಚ್ಚಾದ ಲೇಖನವೆಂದರೆ ವೃತ್ತಪತ್ರಿಕೆಯಲ್ಲಲ್ಲ. ದೂರದ ಶಹರದಿಂದ ಮೂರು ತಿಂಗಳಿಗೊಮ್ಮೆ ಇಂಗ್ಲಿಷಿನಲ್ಲಿ ಹೊರಡುವ, ಅದರಲ್ಲಿ ಬರೆಯುವವರು ಮಾತ್ರ ಓದುವ, ಅವರೂ ತಾವು ಬರೆದದ್ದನ್ನು ಮಾತ್ರ ಓದುವ ರಾಜ್ಯಶಾಸ್ತ್ರದ ಪತ್ರಿಕೆಯಲ್ಲಿ. ಆ ಒಂದು ಲೇಖನ ಅಚ್ಚಾದರೆ ಧಾರವಾಡ, ಆಗದಿದ್ದರೆ ಸಾಯುವ ತನಕ ನದಿಗಳ ಹೆಸರು. ನನ್ನ ಮುಂದೆ ಇದ್ದದ್ದು ಇಷ್ಟೇ.

ವಿಷಯಕ್ಕೆ ನಾನು ದೂರ ಹೋಗಬೇಕಾಗಿರಲಿಲ್ಲ. ಹೆಂಡತಿಯ ತವರು ಮಾಸೂರು, ಮದಗದ ಕೆರೆಯ ಮಗ್ಗುಲಲ್ಲಿದೆ. ಕೆರೆಯ ಕಾಲುವೆಯ ಒಂದು ಕವಲಿನ ನೀರನ್ನು ಗದ್ದೆಗಳಿಗೆ ಸರತಿಯಂತೆ ಬಿಡುವ ಉಸಾಬರಿ ನಮ್ಮ ಮಾವ ಚನ್ನಬಸಪ್ಪನವರದು. ಸರತಿಯಲ್ಲಿ ಇಬ್ಬರಿಗೆ ಜಗಳ ಬಿದ್ದರೆ ಅವರು ಯಾರದು ಸರಿ ಯಾರದು ತಪ್ಪು ಎಂದು ಕೇಳುತ್ತಲೇ ಇರಲಿಲ್ಲ. ಒಂದು ಹಲಗೆ ಹೊತ್ತುಕೊಂಡು ಹೋಗಿ ಕವಲಿನ ಬಾಯಿಗೆ ಹಾಕಿಬಿಡುತ್ತಿದ್ದರು. ನೀರು ಎಲ್ಲರಿಗೂ ಬಂದ್. ಜಗಳಾಡಿದವರಿಗೂ ಇಲ್ಲ, ಜಗಳ ನೋಡಿದವರಿಗೂ ಇಲ್ಲ, ಹಲಗೆ ಹಾಕಿದವರ ಗದ್ದೆಗೂ ಇಲ್ಲ. ಆ ಇಬ್ಬರೂ ಕಾಲುವೆಯ ಏರಿಯ ಮೇಲೆ ಕುಳಿತು ಒಂದೇ ಬುತ್ತಿ ಬಿಚ್ಚಿ ಉಂಡಮೇಲೆಯೇ ಹಲಗೆ ಎತ್ತುವುದು. ಊರಿನವರೆಲ್ಲ ತಮ್ಮ ಪೈರಿನ ಚಿಂತೆಯಿಂದ ಇಬ್ಬರಿಗೂ ಬಯ್ದು, ಕೈ ಹಿಡಿದು, ತಾವೇ ಬುತ್ತಿ ತಂದು ಎದುರಿಗಿಡುತ್ತಿದ್ದರು. ದೀಪ ಹಚ್ಚುವ ಹೊತ್ತಿನ ಒಳಗೆ ಮುಗಿಯದ ಜಗಳವನ್ನು ಯಾರೂ ಕಂಡಿರಲಿಲ್ಲ. ನೀರಿನ ಸಲುವಾಗಿ ಆ ಊರಿನವರು ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಇರಲಿಲ್ಲ.

ಇದನ್ನು ಕಂಡಾಗ ನನ್ನೊಳಗಿನ ಪದವೀಧರ ಎದ್ದು ಕುಳಿತ. ಹಬ್ಬಕ್ಕೆಂದು ಹೋದವನು ಹೋಳಿಗೆ ಬಿಟ್ಟು ಮಾವನವರನ್ನು ಪ್ರಶ್ನೆ ಕೇಳುತ್ತ ಕುಳಿತೆ. ಈ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದರೆ, "ಯಾರ್ ಕೊಡ್ತಾರ್ರಿ? ನಮ್ಮಪ್ಪ ಹಾಕ್ತಿದ್ದ, ನಾ ಹಾಕ್ತೇನಿ" ಎಂದರು. ಕಾಗದ ಪತ್ರ ಏನಾದರೂ ಉಂಟೇ ಎಂದರೆ, "ಹಲಗಿ ಐತಲ್ರಿ" ಎಂದರು. ಯಾರಾದರೂ ಹಲಗೆ ಕಿತ್ತೊಗೆದರೆ ಏನು ಮಾಡುತ್ತೀರಿ ಎಂದೆ. "ಯಾಕ ಕೀಳ್ತಾರ?" ಎಂದು ಕೇಳಿದರು. ನಾನು ಇದನ್ನೆಲ್ಲ ಬರೆದುಕೊಂಡೆ. ಲಿಖಿತ ಅಧಿಕಾರ ಎಳ್ಳಷ್ಟೂ ಇಲ್ಲದ, ಯಾರೂ ನೇಮಿಸದ ಒಬ್ಬ ಮನುಷ್ಯ ಕೇವಲ ಎಲ್ಲರ ಒಪ್ಪಿಗೆಯ ಮೇಲೆ ಆಳುವ ಪರಿ ಎಂದು ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದ ಹೆಸರಿಟ್ಟೆ. ಹಲಗೆಗೆ ಮಾತ್ರ ಘನವಾದ ಶಬ್ದ ಸಿಗದೆ, ಅದನ್ನು ನೀರಾವರಿಯ ಸಾರ್ವತ್ರಿಕ ಸ್ತಂಭನ ಎಂಬರ್ಥ ಬರುವಂತೆ ಬರೆದೆ. ಓದಿದರೆ ಅದರ ಮೇಲೆ ಕಾಲಿಟ್ಟು ಕಾಲುವೆ ದಾಟಬಹುದೆಂದು ಯಾರಿಗೂ ಹೊಳೆಯಬಾರದು, ಹಾಗೆ.

ಬರೆಯುವುದು ಸುಲಭ, ಸಿದ್ಧಪಡಿಸುವುದು ಕಷ್ಟ. ಪತ್ರಿಕೆಯ ನಿಯಮಗಳು ಹೀಗಿದ್ದವು: ಟೈಪು ಮಾಡಿರಬೇಕು, ಸಾಲಿಗೂ ಸಾಲಿಗೂ ನಡುವೆ ಒಂದು ಸಾಲಿನಷ್ಟು ಜಾಗ ಬಿಟ್ಟಿರಬೇಕು, ನಾಲ್ಕೂ ಕಡೆ ಅಂಚು ಬಿಟ್ಟಿರಬೇಕು, ಹಾಳೆಯ ಒಂದೇ ಮಗ್ಗುಲಿಗೆ ಬರೆದಿರಬೇಕು, ಲೇಖಕನ ಹೆಸರು ಎಲ್ಲಿಯೂ ಇರಬಾರದು. ಅದು ಯುದ್ಧದ ಕಾಲ. ಕಾಗದವೆಂಬುದು ಸಕ್ಕರೆ, ಸೀಮೆಎಣ್ಣೆಗಳ ಸಾಲಿಗೆ ಸೇರಿತ್ತು. ಹುಡುಗರು ಲೆಕ್ಕ ಬರೆದ ಹಾಳೆಯ ಬೆನ್ನ ಮೇಲೆ ಪರೀಕ್ಷೆ ಬರೆಯುತ್ತಿದ್ದರು. ಅಂಥದರಲ್ಲಿ ನಾನು ಒಳ್ಳೆಯ ಹಾಳೆಗಳ ಕಟ್ಟೊಂದನ್ನು ಸಂಪಾದಿಸಿ ತಂದದ್ದನ್ನು ಕಂಡು ನನ್ನ ಹೆಂಡತಿ ಶಾಂತವ್ವ ನಿಯಮಗಳನ್ನು ವಿವರವಾಗಿ ಕೇಳಿ ತಿಳಿದುಕೊಂಡಳು. "ಒಂದ ಮಗ್ಗಲಾ ಬರದು ಇನ್ನೊಂದ ಮಗ್ಗಲಾ ಖಾಲಿ ಬಿಡೂ ಮಂದಿ, ಒಂದ ಮಗ್ಗಲಾ ಬೇಯಿಸಿದ ರೊಟ್ಟಿ ಹಾಕಿದ್ರ ಉಣ್ತಾರೇನ್ರಿ?" ಎಂದಳು. ಮತ್ತೆ, "ಹೆಸರೂ ಹಾಕೂ ಹಂಗಿಲ್ಲಂದ್ರ ಇದು ಕಳ್ಳ ಅರ್ಜಿ ಅಲ್ಲೇನು?" ಎಂದು ಕೇಳಿದಳು. ವಿದ್ವತ್ತಿನ ನಿಷ್ಪಕ್ಷಪಾತದ ಬಗ್ಗೆ ನಾನು ಮಾಡಿದ ಭಾಷಣವನ್ನು ಆಕೆ ಕೇರುವ ಮೊರದ ಸದ್ದಿನಲ್ಲಿ ಪೂರ್ತಿ ಕೇಳಿದಳೋ ಇಲ್ಲವೋ.

ಊರಿನಲ್ಲಿ ನನ್ನ ಕೈಗೆ ಎಟುಕುವಂತಿದ್ದ ಟೈಪು ಯಂತ್ರ ಒಂದೇ. ಅದು ವಕೀಲ ರಾಮರಾಯರ ಕಚೇರಿಯಲ್ಲಿತ್ತು. ರಾಯರು ಬಹಳ ಸಜ್ಜನರು. "ವಿದ್ಯಾದ ಕೆಲಸ, ನಾವೇನು ಬ್ಯಾಡ ಅಂತೇವೇನ್ರಿ? ಕಾರಕೂನ ಮಾಡಿ ಕೊಡ್ತಾನ, ಬಿಟ್ಟು ಹೋಗ್ರಿ" ಎಂದರು. ಅವರ ಕಾರಕೂನ ಹನುಮಂತಪ್ಪ ಯೌವನವನ್ನೆಲ್ಲ ದಾವೆ, ಅರ್ಜಿ, ಕೈಫಿಯತ್ತುಗಳನ್ನು ಬಡಿಯುವುದರಲ್ಲಿಯೇ ಕಳೆದವನು. ನನ್ನ ಲೇಖನವನ್ನೂ ಅಷ್ಟೇ ಶ್ರದ್ಧೆಯಿಂದ ಬಡಿದ. ಆದರೆ ನಾನು ಕೊನೆಯ ಮಾತು ಬರೆದು ನಿಲ್ಲಿಸಿದ್ದು ಅವನಿಗೆ ಅರ್ಧಕ್ಕೇ ಕೈಬಿಟ್ಟಂತೆ ಕಂಡಿತು. ಪ್ರಾರ್ಥನೆಯಿಲ್ಲದ ಕಾಗದವನ್ನು ಅವನು ಜನ್ಮದಲ್ಲಿ ಹೊರಗೆ ಬಿಟ್ಟವನಲ್ಲ. ಮೇಲಿನ ಸಂಗತಿಗಳನ್ನು ಪರಾಂಬರಿಸಿ ಈ ಬಡ ಅರ್ಜಿದಾರನಿಗೆ ಖರ್ಚುಸಹಿತ ನ್ಯಾಯ ದೊರಕಿಸಬೇಕೆಂದೂ, ಅದಕ್ಕಾಗಿ ಅವನು ಸದಾ ಋಣಿಯಾಗಿರುವನೆಂದೂ ತನ್ನ ಕಡೆಯಿಂದ ಸೇರಿಸಿಬಿಟ್ಟ. ಟಪಾಲು ಹೊರಡುವ ಅವಸರದಲ್ಲಿ ನಾನು ಕೊನೆಯ ಹಾಳೆ ನೋಡಲಿಲ್ಲ. ಕಪ್ಪು ಕಾಗದವಿಟ್ಟು ತೆಗೆದ ಎರಡನೆಯ ಪ್ರತಿಯನ್ನು ರಾಯರು ಓದುವುದಕ್ಕೆಂದು ಇಟ್ಟುಕೊಂಡರು. ನನ್ನ ಲೇಖನವನ್ನು ತಾವಾಗಿ ಕೇಳಿ ಓದಿದವರು ಈವರೆಗೆ ಅವರೊಬ್ಬರೇ. ನನಗೆ ಅಂದು ಎಷ್ಟು ಸಂತೋಷವಾಗಿತ್ತೆಂದರೆ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಪತ್ರಿಕೆಯ ಉತ್ತರ ಬರುವ ಹೊತ್ತಿಗೆ ಮಾಸೂರಿನಲ್ಲಿ ಭತ್ತ ಕೊಯ್ದು ಬಣವೆ ಒಟ್ಟಿದ್ದರು. ಅರ್ಜಿದಾರರಿಗೆ ನ್ಯಾಯ ದೊರಕಿಸುವ ಅಧಿಕಾರ ಈ ಪತ್ರಿಕೆಗಿಲ್ಲವೆಂದು ಸಂಪಾದಕರು ಮೊದಲಿಗೆ ತಿಳಿಸಿದ್ದರು. ಅದಾದಮೇಲೆ ಮುಖ್ಯ ಮಾತು. ಲೇಖನದ ಸಂಗತಿಗಳಿಗೆ ಆಧಾರವಿಲ್ಲ. ಒಬ್ಬ ಹಳ್ಳಿಗ ಬಾಯಿಂದ ಹೇಳಿದ್ದನ್ನು ವಿದ್ವತ್ಪ್ರಪಂಚ ಆಧಾರವೆಂದು ಒಪ್ಪುವುದಿಲ್ಲ. ಇಂಥ ಪದ್ಧತಿ ಇದೆ ಎಂದು ಯಾವುದಾದರೂ ಪುಸ್ತಕದಲ್ಲೋ ಸರಕಾರಿ ಕಾಗದದಲ್ಲೋ ದಾಖಲಾಗಿದ್ದರೆ ಅದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಿ ಮತ್ತೆ ಕಳಿಸಬಹುದು. ನನ್ನ ಮೈಗೆ ಬೆಂಕಿ ಬಿದ್ದಂತಾಯಿತು. ಹಲಗೆಯನ್ನು ಕಣ್ಣಾರೆ ಕಂಡಿದ್ದೇನೆ, ಹಾಕಿದವರ ಮನೆಯಲ್ಲಿ ಉಂಡಿದ್ದೇನೆ, ಅವರ ಮಗಳು ನನ್ನ ಒಲೆಯ ಮುಂದೆ ಕುಳಿತಿದ್ದಾಳೆ. ಆದರೂ ಅವರಿಗೆ ಆಧಾರವಿಲ್ಲ. ಯಾರೋ ಒಬ್ಬ ಕಲೆಕ್ಟರು ಕುದುರೆಯ ಮೇಲೆ ಹೋಗುತ್ತ ತಪ್ಪು ತಪ್ಪಾಗಿ ಎರಡು ಸಾಲು ಗೀಚಿದ್ದರೆ ಮಾತ್ರ ನಮ್ಮ ಮಾವ ಇದ್ದಾರೆ ಎಂದ ಹಾಗೆ. ಈ ಸಿಟ್ಟು ಈಗಲೂ ಇಳಿದಿಲ್ಲ. ಸಿಗುವ ಪುಸ್ತಕಗಳನ್ನೆಲ್ಲ ತಿರುವಿದೆ. ಕೆರೆಯ ಉದ್ದಗಲ ಇತ್ತು, ಮೀನಿನ ಹೆಸರಿತ್ತು, ಹಲಗೆಯ ಸುದ್ದಿ ಇರಲಿಲ್ಲ.

ಮುಂದಿನ ಹಂಗಾಮಿನಲ್ಲಿ ಮಾಸೂರಿನ ಈರಪ್ಪನೆಂಬವನಿಗೂ ಅವನ ಪಕ್ಕದ ಗದ್ದೆಯವನಿಗೂ ಸರತಿಯ ಮೇಲೆ ಜಗಳ ಬಿದ್ದು ಮಾವನವರು ಎಂದಿನಂತೆ ಹಲಗೆ ಹಾಕಿದರು. ಈರಪ್ಪ ಅದೇ ದಿನ ಬೇರೆ ಯಾವುದೋ ಖರೀದಿ ಪತ್ರದ ಕೆಲಸಕ್ಕೆ ರಾಮರಾಯರಲ್ಲಿಗೆ ಬಂದಿದ್ದನಂತೆ. ಮಾತಿಗೆ ಮಾತು ಬಂದು ನೀರು ನಿಂತದ್ದನ್ನು ಹೇಳಿದ. ರಾಯರಿಗೆ ನನ್ನ ಲೇಖನ ನೆನಪಾಯಿತು. ಸಂಪಾದಕರಿಗೆ ಕಾಣದ ಬೆಲೆ ಅವರಿಗೆ ಕಂಡಿತ್ತು. ಲಿಖಿತ ಅಧಿಕಾರ ಎಳ್ಳಷ್ಟೂ ಇಲ್ಲದ, ಯಾರೂ ನೇಮಿಸದ ಒಬ್ಬ ಮನುಷ್ಯ ತಮ್ಮ ಕಕ್ಷಿದಾರನ ನೀರು ನಿಲ್ಲಿಸಿದ್ದಾನೆಂದು ದಾವೆ ಹೂಡಿದರು. ಶಬ್ದಗಳೂ ನನ್ನವೇ. ಲೇಖನದ ಎರಡನೆಯ ಪ್ರತಿ ಕೋರ್ಟಿಗೆ ಹೋಯಿತು. ಸಾಕ್ಷಿ ಹೇಳಲು ನನಗೆ ಸಮನ್ಸು ಬಂತು.

ಶಾಂತವ್ವ ಅಂದು ಬುತ್ತಿ ಕಟ್ಟುತ್ತ ಒಂದೇ ಮಾತು ಹೇಳಿದಳು. "ಅದರಾಗ ನಿಮ್ಮ ಹೆಸರಿಲ್ಲ ಅಂತ ನೀವ ಹೇಳೀರಿ. ನಂದಲ್ಲ ಅಂದುಬಿಡ್ರಿ, ಮುಗೀತು." ನಾನೂ ಹಾಗೆಯೇ ನಿಶ್ಚಯ ಮಾಡಿಕೊಂಡು ಹೋಗಿದ್ದೆ. ಕಟಕಟೆಯಲ್ಲಿ ನಿಂತೆ. ರಾಮರಾಯರು ಆ ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು, "ಇಷ್ಟು ಅಭ್ಯಾಸಪೂರ್ಣವಾದ ಲೇಖನ ಬರೆದವರು ಯಾರು, ಕೋರ್ಟಿಗೆ ತಿಳಿಸ್ತೀರೇನ್ರಿ?" ಎಂದು ಕೇಳಿದರು. ವರ್ಷವಿಡೀ ಕಾದಿದ್ದೆ, ಜಗತ್ತಿನಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೇ ಎಂದೆ. ಅಕ್ಷರ ಅಕ್ಷರವೂ ನನ್ನದೇ ಎಂದೆ. ಅಲ್ಲಿಗೆ ನಿಲ್ಲಿಸದೆ, ಎರಡನೆಯ ಭಾಗದ ವಾದವನ್ನು ಮುನಸೀಫರಿಗೆ ಸ್ವಲ್ಪ ಬಿಡಿಸಿ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಹಿಂದುಗಡೆ ಗೋಡೆಗೆ ಆತುಕೊಂಡು ಮಾವನವರು ಕೆಳಗೆ ಕುಳಿತಿದ್ದರು. ಹೊರಗೆ ಬಂದಾಗ ನನ್ನ ಹತ್ತಿರ ಬಂದು, "ಊಟ ಆತೇನ್ರಿ?" ಎಂದು ಕೇಳಿದರು. ಬುತ್ತಿ ತಂದಿದ್ದೇನೆ ಎಂದೆ. ಹಾಗಾದರೆ ಸರಿ ಎಂದು ಚಕ್ಕಡಿ ಹತ್ತಿ ಹೋದರು.

ತೀರ್ಪು ಈರಪ್ಪನ ಕಡೆಗಾಯಿತು. ಈ ಊರಿನಲ್ಲಿ ಇಂಥದೊಂದು ಪದ್ಧತಿ ಇರುವುದು ಒಬ್ಬ ವಿದ್ವಾಂಸರ ಲೇಖನದಿಂದ ಸಿದ್ಧವಾಗಿದೆ ಎಂದೂ, ಅದಕ್ಕೆ ಲಿಖಿತ ಅಧಿಕಾರವಿಲ್ಲವೆಂದು ಅದೇ ಲೇಖನ ಹೇಳುವುದರಿಂದ ಇನ್ನು ಮುಂದೆ ಯಾರೂ ಹಲಗೆ ಹಾಕಕೂಡದೆಂದೂ ಮುನಸೀಫರು ಬರೆದರು. ಮಾವನವರಿಗೆ ತಾಕೀತಾಯಿತು. ಅಂದಿನಿಂದ ಕವಲಿನ ನೀರು ತೋಳಬಲವಿದ್ದವನ ಗದ್ದೆಗೆ ಹೋಗತೊಡಗಿತು. ಅದಿಲ್ಲದವರು ಕೋರ್ಟಿಗೆ ಹೋಗತೊಡಗಿದರು. ರಾಮರಾಯರು ಇನ್ನೊಂದು ಟೈಪು ಯಂತ್ರ ತರಿಸಿದರು.

ನಾನೇನು ಮಾಡಿದೆ ಎಂದು ಕೇಳುತ್ತೀರಿ. ತೀರ್ಪಿನ ನಕಲು ತೆಗೆಸಿದೆ. ಎಷ್ಟೆಂದರೂ ಅದು ಸರಕಾರಿ ಕಾಗದ. ಅಂಥ ಪದ್ಧತಿಯುಂಟು ಎಂಬ ಮಾತಿನ ಕೆಳಗೆ ಅಡಿಟಿಪ್ಪಣಿ ಹಾಕಿ, ನೋಡಿ ಮುನಸೀಫರ ತೀರ್ಪು ಎಂದು ಕಾಣಿಸಿ, ಹನುಮಂತಪ್ಪನ ಪ್ರಾರ್ಥನೆಯನ್ನು ತೆಗೆಸಿ, ಮತ್ತೆ ಕಳಿಸಿದೆ. ಮುನಸೀಫರಿಗೆ ನಾನು ಆಧಾರ, ನನಗೆ ಮುನಸೀಫರು ಆಧಾರ. ಸಂಪಾದಕರಿಗೆ ಬಹಳ ತೃಪ್ತಿಯಾಯಿತು. ಲೇಖನ ಅಚ್ಚಾಯಿತು. ಪ್ರಿನ್ಸಿಪಾಲರು ಅದನ್ನು ಬಿಚ್ಚದೆ ಕೈಯಲ್ಲಿ ತೂಗಿ ನೋಡಿ ಕೆಲಸ ಕೊಟ್ಟರು. ಮನೆಯಲ್ಲಿ ಶಾಂತವ್ವ ಒಮ್ಮೆ ಮಾತ್ರ ಅದನ್ನು ಕೈಗೆತ್ತಿಕೊಂಡು, "ಇದರಾಗ ಅಪ್ಪನ ಹೆಸರು ಎಲ್ಲೈತಿ?" ಎಂದು ಕೇಳಿದಳು. ಹೆಸರು ಹಾಕುವ ಪದ್ಧತಿಯಿಲ್ಲ, ಮಾಹಿತಿ ಕೊಟ್ಟವನೊಬ್ಬ ಎಂದಷ್ಟೇ ಬರೆಯುತ್ತಾರೆ ಎಂದೆ. "ಅಷ್ಟರಾಗ ಅಪ್ಪ ಉಳದ" ಎಂದು ಪತ್ರಿಕೆಯನ್ನು ಗೋಡೆಯ ಮಾಡದಲ್ಲಿಟ್ಟು ಒಳಗೆ ಹೋದಳು.

ಧಾರವಾಡಕ್ಕೆ ಹೊರಡುವ ಮುಂಚೆ ಮಾವನವರಿಗೆ ಹೇಳಿ ಬರಲು ಮಾಸೂರಿಗೆ ಹೋದೆ. ಪತ್ರಿಕೆಯನ್ನೂ ಒಯ್ದಿದ್ದೆ. ಯಾಕೆ ಒಯ್ದೆನೋ ನನಗೆ ಇಂದಿಗೂ ಗೊತ್ತಿಲ್ಲ, ಎಲ್ಲಿ ಹೋದರೂ ಒಯ್ಯುತ್ತಿದ್ದೆ. ಅವರು ಕಟ್ಟೆಯ ಮೇಲೆ ಕುಳಿತಿದ್ದರು. ಹೊಲದ ಕಡೆ ಹೋಗುವುದನ್ನು ಈಗ ಕಡಿಮೆ ಮಾಡಿದ್ದರಂತೆ. "ಏನು ಬರದೀರಿ, ಓದ್ರಿ, ಕೇಳ್ತೇನಿ" ಎಂದರು. ನಾನು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದೆ. ನೀರಿಗಾಗಿ ಒಬ್ಬನೂ ಕೋರ್ಟಿಗೆ ಹೋಗದ ಊರು, ಹಲಗೆ ಬಿದ್ದರೆ ಎಲ್ಲರ ಗದ್ದೆಯೂ ಒಂದೇ, ಜಗಳಾಡಿದವರು ಒಂದೇ ಬುತ್ತಿಯಲ್ಲಿ ಉಣ್ಣುವರು, ದೀಪ ಹಚ್ಚುವುದರೊಳಗೆ ನೀರು ಹರಿಯುವುದು. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಮುಗಿದಮೇಲೆ ತಲೆಯಾಡಿಸಿದರು.

"ಛಲೋ ಮಂದಿ ಅದಾರ" ಎಂದರು. "ಯಾವೂರ್ರಿ ಇದು?"

ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. ಅಂದು ಮಾಸೂರಿಗೆ ಬಸ್ಸಿರಲಿಲ್ಲ. ಹಿರೇಕೆರೂರಿನ ತನಕ ನಡೆದುಕೊಂಡೇ ಬಂದೆ.