ಕಳೆಯದ ಮೇಕೆ

ನಜ್ಮಿ ಹೇಳಿದ್ದು ಮೇಕೆಮರಿಯಷ್ಟು ಸುಳ್ಳು. ಸಂಜೆಯೊಳಗೆ ಅದು ದಾಚಾ ಊರಿನ ಬೆಟ್ಟವನ್ನೆಲ್ಲ ಮೇಯ್ದುಬಿಟ್ಟಿತು.

ಅವನ ಅಣ್ಣ ಶೆವ್ಕೆತ್ ಆಚೆ ಕೊಲ್ಲಿಯಲ್ಲಿ ಚಹಾದಂಗಡಿ ಇಟ್ಟಿದ್ದ. ಬೆನ್ನಿಗೆ ಮೂಟೆ ಬಿಗಿದು ಕಡಲಂಚಿನ ದಾರಿಯಲ್ಲಿ ವಾರಗಟ್ಟಲೆ ನಡೆಯುವ ಪರವೂರಿನವರೇ ಗಿರಾಕಿಗಳು. ಊರವರು ಆ ದಾರಿ ತುಳಿಯುವುದಿಲ್ಲ. ಹೋದ ವರ್ಷ ಅಪ್ಪನ ಬಾದಾಮಿ ಮರಗಳಿಗಾಗಿ ಜಗಳವಾದಾಗ, ನಜ್ಮಿ ಸಿಟ್ಟಿನಲ್ಲಿ ದಾರಿ ಕವಲೊಡೆಯುವಲ್ಲಿನ ಗಿಡ್ಡ ಬಂಡೆಯ ನೆತ್ತಿಗೆ ಕೆಂಪು ಕತ್ತರಿ ಗುರುತು ಎಳೆದಿದ್ದ. ಕೊಲ್ಲಿಯ ಕಡೆ ದಾರಿಯಿಲ್ಲ ಎಂದು ಅದರರ್ಥ. ನಡೆಯುವವರು ಬಂಡೆಯನ್ನು ನಂಬಿ ಮೇಲಿನ ದಾರಿ ಹಿಡಿದರು. ಅಣ್ಣ ನೊಣ ಹೊಡೆಯುತ್ತ ಕೂತ. ಮಂಡಿನೋವಿನವನು, ಕವಲಿನ ತನಕ ಹತ್ತಿ ನೋಡಲಿಲ್ಲ. ಈಗ ಅಂಗಡಿಗೆ ಬೀಗ ಹಾಕಿ, ಇವತ್ತಿನ ಸಂಜೆ ದೋಣಿಗೆ ಮಗಳ ಮನೆಗೆ ಹೊರಟಿದ್ದ. ಇನ್ನು ಬರುವುದಿಲ್ಲವಂತೆ.

ಬಸ್ಸು ಹೋಗಿಯಾಗಿತ್ತು. ಮೊದಲು ಗುರುತು ಅಳಿಸಬೇಕು, ಆಮೇಲೆ ಅಣ್ಣನ ಕೈಗೆ ಮುತ್ತಿಟ್ಟು ತಪ್ಪಾಯಿತೆನ್ನಬೇಕು. ನಜ್ಮಿ ಸುಣ್ಣದ ಡಬ್ಬಿ ಹಿಡಿದು ನಡೆದ.

"ಏನೋ ನಜ್ಮಿ, ಕಾಲ್ನಡಿಗೇಲಿ? ಕತ್ತೆ ಸತ್ತೋಯ್ತಾ?" ಬೇಲಿಯಾಚೆಯಿಂದ ಸಿದಿಕಾ ಚಿಕ್ಕಮ್ಮ.

ನಿಜ ಹೇಳಿದರೆ ನಾಳೆ ಕಾಫಿಯಂಗಡಿಯಲ್ಲಿ ತಲೆಯೆತ್ತುವ ಹಾಗಿಲ್ಲ. "ಇಲ್ಲ ಚಿಕ್ಕಮ್ಮ, ಮೇಕೆ ಕಳೆದೋಗಿದೆ. ಕಂದು ಬಣ್ಣದ್ದು... ಬಿಳಿ ಕಿವೀದು."

"ಮತ್ತೆ ಸುಣ್ಣ ಯಾಕೆ?"

"ಸಿಕ್ಕಿದ ಮೇಲೆ ಗುರುತು ಹಾಕೋಕೆ."

ಮೊದಲ ಏರು ಹತ್ತುವಷ್ಟರಲ್ಲಿ ಮಸೀದಿಯ ಧ್ವನಿವರ್ಧಕ ಕೆಮ್ಮಿತು. "ಊರವರೇ ಕೇಳಿ! ನಮ್ಮ ನಜ್ಮಿಯ ಕಂದು ಮೇಕೆ ಕಳೆದಿದೆ, ಬಿಳಿ ಕಿವೀದು. ಕೈಲಾದವರು ಬೆಟ್ಟಕ್ಕೆ ಬನ್ನಿ!" ಆ ದನಿ ಒಂದೊಂದು ಕೊಲ್ಲಿಗೂ ಇಳಿಯಿತು.

ಮದುವೆ ದಿಬ್ಬಣದಂತೆ ಜನ ಏರಿ ಬಂದರು, ಚಹಾದ ಕೆಟಲು ಸಮೇತ. "ಕೂತ್ಕೊಂಡು ಒಂದು ಲೋಟ ಕುಡಿಯಪ್ಪ, ಮುಖ ಬಾಡಿಹೋಗಿದೆ," ಎಂದ ಊರ ಮುಖಂಡ ತಹಸೀನ್. ಆಮೇಲೆ, "ಬಾರೋ, ಈ ಕೊರಕಲಲ್ಲಿ ಇಳಿದು ನೋಡೋಣ. ಮೇಕೆ ನಿಂದೋ ನಮ್ದೋ?" ಎಂದು ಎಳೆದೊಯ್ದ. ಸುಣ್ಣವೆಲ್ಲ ಆ ಕೊರಕಲಿನ ಪಾಲಾಯಿತು.

ಕವಲು ಮುಟ್ಟಿದಾಗ ದೋಣಿ ಆಗಲೇ ಕಡಲಲ್ಲಿ ಬಾದಾಮಿ ಸಿಪ್ಪೆಯಷ್ಟಾಗಿತ್ತು. ನಜ್ಮಿ ಗಿಡ್ಡ ಬಂಡೆಯ ಮೇಲೆ ಕುಸಿದು ನಿಜವಾಗಿಯೇ ಅತ್ತ.

"ಪಾಪ, ಮೇಕೆ ಅಂದ್ರೆ ಅಷ್ಟು ಪ್ರಾಣ ಇವನಿಗೆ," ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

ಆಗ ಪೊದೆ ಅಲುಗಿತು. ಹೊರಬಂದವನು ಶೆವ್ಕೆತ್. ಪ್ರಯಾಣಕ್ಕೆ ತೊಟ್ಟ ಹೊಸ ಕೋಟು ಚಿಂದಿ, ಹೆಗಲ ಮೇಲೆ ಬಿಳಿ ಕಿವಿಯ ಕಂದು ಮೇಕೆ.

"ತಗೋ ನಿನ್ನ ಮೇಕೆ! ದೋಣಿಗೆ ಕಾಲಿಡೋ ಹೊತ್ತಿಗೆ ಕೂಗು ಕೇಳಿಸ್ತು. ತಮ್ಮನ ಮೇಕೆ ಬೆಟ್ಟದಲ್ಲಿರೋವಾಗ ನಾನು ಹೆಂಗೋ ಹೋಗಲಿ?"

"ಅಣ್ಣಾ, ನಾನು..." ನಜ್ಮಿ ಶುರುಮಾಡಿದ.

"ತಡಿ ತಡಿ," ತಹಸೀನ್ ಮೇಕೆಯ ಕಿವಿ ತಿರುವಿ ನೋಡಿದ. "ಇದು ನಮ್ಮನೇದು!"

ಎಲ್ಲರೂ ನಜ್ಮಿಯತ್ತ ತಿರುಗಿದರು. ಶೆವ್ಕೆತ್ ಮಂಡಿ ಒತ್ತಿಕೊಳ್ಳುತ್ತ ನಿಟ್ಟುಸಿರಿಟ್ಟ.

"ಹೋಗಲಿ ಬಿಡು, ಅಳಬೇಡ. ನಿನ್ನ ಮೇಕೆ ಸಿಗೋತನಕ ನಾನು ಎಲ್ಲಿಗೂ ಹೋಗಲ್ಲ. ಏಳು, ಆ ಕಡೆ ಹುಡುಕೋಣ."

ನಜ್ಮಿ ಏಳಲಿಲ್ಲ. ಎದ್ದರೆ ಬಂಡೆಯ ಮೇಲಿನ ಕೆಂಪು ಗುರುತು ಕಾಣುತ್ತಿತ್ತು.